ಮುಗಿಯದ ಪಾಳಿ

2003ರ ಮಾರ್ಚ್ 7ರಂದು ಕೆನಡಾದ ಎರಡು ನಗರಗಳ ಎರಡು ಆಸ್ಪತ್ರೆಗಳಿಗೆ ಒಂದೇ ಸೋಂಕು ಹೊತ್ತ ಇಬ್ಬರು ರೋಗಿಗಳು ಬಂದರು. ಆ ಕಾಯಿಲೆಗೆ ಆಗಿನ್ನೂ ಹೆಸರಿರಲಿಲ್ಲ. ವಾರ ಕಳೆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸಾರ್ಸ್ ಎಂದು ಕರೆಯಿತು. ವ್ಯಾಂಕೂವರ್‌ನ ಆಸ್ಪತ್ರೆಯಲ್ಲಿ ರೋಗಿಯನ್ನು ಕೆಲವೇ ನಿಮಿಷಗಳಲ್ಲಿ ಬೇರೆ ಕೋಣೆಗೆ ಸಾಗಿಸಿದರು, ಸಿಬ್ಬಂದಿ ಮಾಸ್ಕ್ ಹಾಕಿಕೊಂಡರು. ಟೊರಾಂಟೊದ ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿ ತುರ್ತು ಚಿಕಿತ್ಸಾ ವಿಭಾಗದ ಜನಸಂದಣಿಯ ನಡುವೆ ಗಂಟೆಗಟ್ಟಲೆ ಮಲಗಿದ್ದ. ವ್ಯಾಂಕೂವರ್‌ನಲ್ಲಿ ಸೋಂಕು ಅಲ್ಲಿಗೇ ನಿಂತಿತು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಸುಮಾರು 375 ಮಂದಿಗೆ ಹರಡಿ, 44 ಮಂದಿಯನ್ನು ಬಲಿ ತೆಗೆದುಕೊಂಡಿತು. ಸೋಂಕಿತರಲ್ಲಿ ನೂರಕ್ಕೆ 72 ಮಂದಿಗೆ ಅದು ಅಂಟಿದ್ದು ಆಸ್ಪತ್ರೆಯಂಥ ಆರೈಕೆಯ ತಾಣಗಳ ಒಳಗೇ. ಹಾಗೆ ಅಂಟಿಸಿಕೊಂಡವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನ ಅಲ್ಲಿಯೇ ದುಡಿಯುತ್ತಿದ್ದವರು, ಅವರಲ್ಲೂ ಹೆಚ್ಚಿನವರು ನರ್ಸ್‌ಗಳು. ಇಬ್ಬರು ನರ್ಸ್‌ಗಳು ಮತ್ತು ಒಬ್ಬ ವೈದ್ಯರು ತೀರಿಕೊಂಡರು.

ಈ ಅನಾಹುತದ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗ, ವ್ಯಾಂಕೂವರ್ ಪಾರಾದದ್ದು ಬರೀ ಅದೃಷ್ಟದಿಂದಲ್ಲ ಎಂದು ಕಂಡುಕೊಂಡಿತು. ಅಲ್ಲಿ ಕೆಲಸಗಾರರ ಸುರಕ್ಷತೆಯನ್ನು ರೋಗಿಯ ಸುರಕ್ಷತೆಯಷ್ಟೇ ಗಂಭೀರವಾಗಿ ಕಾಣುವ ಅಭ್ಯಾಸ ಮೊದಲೇ ಇತ್ತು. ಒಂಟಾರಿಯೊದಲ್ಲಿ ಎನ್95 ಮಾಸ್ಕನ್ನು ಪ್ರತಿಯೊಬ್ಬರ ಮುಖಕ್ಕೂ ಹೊಂದಿಸಿ ಪರೀಕ್ಷಿಸಬೇಕೆಂಬ ನಿಯಮ 1993ರಿಂದಲೇ ಕಾನೂನಿನ ಪುಸ್ತಕದಲ್ಲಿತ್ತು. ಹತ್ತು ವರ್ಷ ಕಳೆದರೂ ಬಹುಪಾಲು ಆಸ್ಪತ್ರೆಗಳಿಗೆ ಅದು ಇದೆಯೆಂಬುದೇ ತಿಳಿದಿರಲಿಲ್ಲ. ಇನ್ನೂ ನೋವಿನ ಸಂಗತಿ ಮೇ ತಿಂಗಳದ್ದು. ಮೊದಲ ಅಲೆ ಇಳಿಯಿತೆಂದು 17ರಂದು ತುರ್ತು ಪರಿಸ್ಥಿತಿಯನ್ನು ತೆರವುಗೊಳಿಸಿದರು, ಮುನ್ನೆಚ್ಚರಿಕೆಗಳು ಸಡಿಲಗೊಂಡವು. ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯ ನರ್ಸ್‌ಗಳು ತಮ್ಮ ವಾರ್ಡ್‌ಗಳಲ್ಲಿ ಕಾಣುತ್ತಿರುವ ಜ್ವರ, ಉಸಿರಾಟದ ತೊಂದರೆ ಸಾರ್ಸ್‌ನಂತೆಯೇ ಇದೆ ಎಂದು ಆತಂಕ ವ್ಯಕ್ತಪಡಿಸಿದರು. ಅಲ್ಲ ಎಂಬ ಉತ್ತರ ಬಂತು. 23ರಂದು ಎರಡನೇ ಅಲೆಯ ಘೋಷಣೆಯಾಯಿತು. ವೈಜ್ಞಾನಿಕ ಖಾತ್ರಿ ಸಿಗುವವರೆಗೂ ರಕ್ಷಣೆಯ ಕ್ರಮವನ್ನು ತಡೆಹಿಡಿಯಕೂಡದು ಎಂಬ ತತ್ವವನ್ನು ಕ್ಯಾಂಪ್‌ಬೆಲ್ ತಮ್ಮ ವರದಿಯ ತಿರುಳಾಗಿಸಿದ್ದು ಇಂಥ ಪ್ರಸಂಗಗಳ ಆಧಾರದ ಮೇಲೆ.

ಸೋಂಕು ಅಡಗಿದ ಮೇಲೆ ಏನಾಯಿತು ಎಂಬುದಕ್ಕೆ ಟೊರಾಂಟೊದ ಮನೋವೈದ್ಯ ರಾಬರ್ಟ್ ಮಾಂಡರ್ ಮತ್ತು ಸಂಗಡಿಗರ ಅಧ್ಯಯನ ನಮ್ಮ ಮುಂದಿದೆ. ಸಾರ್ಸ್ ಮುಗಿದು 13ರಿಂದ 26 ತಿಂಗಳಾದ ಮೇಲೆ ಅವರು 769 ಆಸ್ಪತ್ರೆ ಸಿಬ್ಬಂದಿಯನ್ನು ವಿಚಾರಿಸಿದರು. ಒಂದು ಗುಂಪು ಸಾರ್ಸ್ ರೋಗಿಗಳನ್ನು ನೋಡಿಕೊಂಡ ಟೊರಾಂಟೊದ 9 ಆಸ್ಪತ್ರೆಗಳದ್ದು, ಇನ್ನೊಂದು ಸಾರ್ಸ್ ಬಾರದ ಪಕ್ಕದ ಹ್ಯಾಮಿಲ್ಟನ್ನಿನ 4 ಆಸ್ಪತ್ರೆಗಳದ್ದು. ತೀವ್ರ ಬಳಲಿಕೆ ಟೊರಾಂಟೊದಲ್ಲಿ ನೂರಕ್ಕೆ 30.4, ಹ್ಯಾಮಿಲ್ಟನ್ನಿನಲ್ಲಿ 19.2. ಮಾನಸಿಕ ಸಂಕಟ 44.9 ಮತ್ತು 30.2. ಆಘಾತೋತ್ತರ ಒತ್ತಡದ ಲಕ್ಷಣಗಳು 13.8 ಮತ್ತು 8.4. ರೋಗಿಗಳೊಡನೆ ಒಡನಾಡುವ ಕೆಲಸವನ್ನು ಕಡಿಮೆ ಮಾಡಿಕೊಂಡವರು, ಕೆಲಸದ ಗಂಟೆಗಳನ್ನು ಇಳಿಸಿಕೊಂಡವರು ಟೊರಾಂಟೊದಲ್ಲೇ ಹೆಚ್ಚು. ಅಂದರೆ ಒಂದು ವಸಂತದಲ್ಲಿ ಬಂದು ಬೇಸಿಗೆಯಲ್ಲಿ ಹೋದ ಸೋಂಕು ಎರಡು ವರ್ಷಗಳ ನಂತರವೂ ಆ ಆಸ್ಪತ್ರೆಗಳ ಡ್ಯೂಟಿ ಪಟ್ಟಿಯಲ್ಲಿ ಉಳಿದಿತ್ತು. ಇಷ್ಟೇ ಆಗಿದ್ದರೆ, ಕಷ್ಟ ಕಂಡವರಿಗೆ ಕಷ್ಟವಾಯಿತು ಎಂಬ ಸರಳ ಮಾತಾಗುತ್ತಿತ್ತು. ಅಧ್ಯಯನದ ಮುಖ್ಯ ಶೋಧ ಬೇರೆ. ತಮಗೆ ಸಾಕಷ್ಟು ತರಬೇತಿ, ರಕ್ಷಣೆ ಮತ್ತು ಬೆಂಬಲ ಸಿಕ್ಕಿತ್ತು ಎಂದು ಭಾವಿಸಿದವರಲ್ಲಿ ಈ ತೊಂದರೆಗಳು ಕಡಿಮೆಯಿದ್ದವು. ತಪ್ಪಿಸಿಕೊಳ್ಳುವುದು, ಸಿಡುಕುವುದು, ತನ್ನನ್ನೇ ಹಳಿದುಕೊಳ್ಳುವುದು ಇವುಗಳ ಮೂಲಕ ದಿನ ದೂಡಿದವರಲ್ಲಿ ಹೆಚ್ಚಿದ್ದವು.

ಇಲ್ಲಿಂದ ಹೊರಡುವ ನನ್ನ ವಾದ ಇಷ್ಟು: ಸಾಂಕ್ರಾಮಿಕದ ನಂತರ ನರ್ಸ್‌ಗಳನ್ನು ಕಾಡುವ ಆಘಾತದ ದೊಡ್ಡ ಪಾಲು ಸಾವನ್ನು ಕಂಡದ್ದರಿಂದ ಬಂದದ್ದಲ್ಲ, ತಮ್ಮನ್ನು ನಡುನೀರಿನಲ್ಲಿ ಕೈಬಿಟ್ಟರು ಎಂಬ ಅನುಭವದಿಂದ ಬಂದದ್ದು. ಹಾಗಾಗಿ ಅದರ ಪರಿಹಾರವನ್ನೂ ನರ್ಸ್‌ನ ಮನಸ್ಸಿನೊಳಗೆ ಹುಡುಕುವ ಮೊದಲು ಆಸ್ಪತ್ರೆಯ ಆಡಳಿತದಲ್ಲಿ ಹುಡುಕಬೇಕು. ಸಾವು ನರ್ಸ್‌ಗೆ ಹೊಸದಲ್ಲ. ಕ್ಯಾನ್ಸರ್ ವಾರ್ಡಿನಲ್ಲಿ, ಸುಟ್ಟಗಾಯದ ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದು ನೆಮ್ಮದಿಯಾಗಿ ನಿವೃತ್ತರಾದವರಿದ್ದಾರೆ. ಮಾಡಬಹುದಾದದ್ದನ್ನೆಲ್ಲ ಮಾಡಿದೆವು ಎಂಬ ಸಮಾಧಾನವಿದ್ದರೆ ಸಾವಿನ ದುಃಖ ದುಃಖವಾಗಿಯೇ ಉಳಿದು ನಿಧಾನಕ್ಕೆ ಕರಗುತ್ತದೆ. ಆ ಸಮಾಧಾನ ಸಿಗದಂತೆ ಕೈ ಕಟ್ಟಿಹಾಕಿದಾಗ ಹುಟ್ಟುವುದು ಬೇರೆಯದೇ ನೋವು. ಅಮೆರಿಕದ ಆಂಡ್ರ್ಯೂ ಜೇಮ್ಟನ್ 1984ರಲ್ಲೇ, ನರ್ಸಿಂಗ್ ವೃತ್ತಿಯ ನೀತಿ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನು ಗುರುತಿಸಿ ನೈತಿಕ ಯಾತನೆ ಎಂದರು: ಯಾವುದು ಸರಿ ಎಂದು ಗೊತ್ತಿದೆ, ಆದರೆ ಸಂಸ್ಥೆಯ ಕಟ್ಟುಪಾಡು ಅದನ್ನು ಮಾಡಲು ಬಿಡುತ್ತಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ಅವರೂ ಇದನ್ನೇ ಕಂಡರು. ಶತ್ರುವಿನ ಗುಂಡಿಗಿಂತ ಆಳಕ್ಕೆ ಇಳಿದದ್ದು ನಂಬಿದ ಮೇಲಧಿಕಾರಿ ಎಸಗಿದ ದ್ರೋಹ.

ಕರ್ನಾಟಕಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ತೀರಿತು. ಒಂದು ದಿನದೊಳಗೆ 24 ಜೀವಗಳು ಹೋದವು. ನಂತರ ನಡೆದ ಚರ್ಚೆ ಸಾವಿನ ಸಂಖ್ಯೆ ಎಷ್ಟು, ಸಿಲಿಂಡರ್ ಕಳಿಸಬೇಕಾಗಿದ್ದವರು ಯಾರು ಎಂಬುದರ ಸುತ್ತ ನಡೆಯಿತು, ನಡೆಯಲೂ ಬೇಕಿತ್ತು. ಸತ್ತವರ ಕುಟುಂಬಗಳ ನೋವಿನ ಮುಂದೆ ಮಿಕ್ಕ ಮಾತೆಲ್ಲ ಚಿಕ್ಕದು. ಆದರೂ ಆಮ್ಲಜನಕ ಮುಗಿಯುವ ಯಾವುದೇ ವಾರ್ಡಿನಲ್ಲಿ ರಾತ್ರಿ ಡ್ಯೂಟಿಯ ನರ್ಸ್ ಎಲ್ಲಿ ನಿಂತಿರುತ್ತಾರೆ ಎಂದು ಯೋಚಿಸಿ ನೋಡಬೇಕು. ಸರಬರಾಜಿನ ಲೆಕ್ಕ ಅವರ ಕೈಯಲ್ಲಿಲ್ಲ, ಟ್ಯಾಂಕರ್ ತರಿಸುವ ಅಧಿಕಾರ ಅವರಿಗಿಲ್ಲ. ಕುಸಿಯುತ್ತಿರುವ ಆಕ್ಸಿಮೀಟರ್ ಅಂಕಿಯನ್ನು ಓದುವವರು ಅವರು, ಏನಾದರೂ ಮಾಡಿ ಸಿಸ್ಟರ್ ಎಂದು ಅಂಗಲಾಚುವ ಬಂಧುಗಳಿಗೆ ಉತ್ತರ ಹೇಳಬೇಕಾದವರೂ ಅವರೇ. ನಿರ್ಧಾರ ಮಾಡುವವರು ಎಲ್ಲೋ ಇರುತ್ತಾರೆ, ನಿರ್ಧಾರದ ಫಲವನ್ನು ಕಣ್ಣಾರೆ ಕಾಣುವವರು ಇಲ್ಲಿರುತ್ತಾರೆ. ಈ ಅಂತರವೇ ಗಾಯದ ಜಾಗ.

ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ಉದಾಹರಣೆ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸುತ್ತದೆ. 2018ರ ಮೇ ತಿಂಗಳಲ್ಲಿ ನಿಫಾ ಕಾಣಿಸಿಕೊಂಡಾಗ ಸೋಂಕು ಬಹುಮಟ್ಟಿಗೆ ಹರಡಿದ್ದು ಆಸ್ಪತ್ರೆಗಳ ಒಳಗೆ. ರೋಗ ಯಾವುದೆಂದು ತಿಳಿಯುವ ಮೊದಲೇ ರೋಗಿಯ ಆರೈಕೆ ಮಾಡಿದ ಲಿನಿ ಪುದುಶ್ಶೇರಿ ಎಂಬ ನರ್ಸ್ ಮೇ 21ರಂದು ತೀರಿಕೊಂಡರು. ನಾಡು ಕಣ್ಣೀರಿಟ್ಟಿತು, ಸರ್ಕಾರ ಅವರ ಪತಿಗೆ ನೌಕರಿ ಕೊಟ್ಟಿತು, ಎರಡೂ ಸರಿಯೇ. ಆದರೆ ಅದೇ ದಿನಗಳಲ್ಲಿ ಅದೇ ಆಸ್ಪತ್ರೆಯ ಉಳಿದ ನರ್ಸ್‌ಗಳು ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುವುದನ್ನು, ಆಟೊದವರು ಹತ್ತಿಸಿಕೊಳ್ಳದಿರುವುದನ್ನು ಅನುಭವಿಸಿ ಅಧಿಕಾರಿಗಳಲ್ಲಿ ದೂರಬೇಕಾಯಿತು. ಎರಡು ವರ್ಷಗಳ ನಂತರ, 2020ರ ಮೇ ತಿಂಗಳಲ್ಲಿ, ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ಮಣಿಪುರ ಮತ್ತಿತರ ರಾಜ್ಯಗಳ ನೂರಾರು ನರ್ಸ್‌ಗಳು ಕೆಲಸ ಬಿಟ್ಟು ಊರಿಗೆ ಮರಳಿದರು. ರಕ್ಷಣಾ ಉಡುಪಿನ ಕೊರತೆ, ಕತ್ತರಿಸಿದ ಸಂಬಳ, ಜನಾಂಗೀಯ ನಿಂದನೆ ಎಲ್ಲವೂ ಅವರ ಮಾತಿನಲ್ಲಿ ಬಂದವು. ಆ ತಿಂಗಳ 3ರಂದಷ್ಟೇ ವಾಯುಪಡೆಯ ಹೆಲಿಕಾಪ್ಟರ್‌ಗಳು ದೇಶದ ಆಸ್ಪತ್ರೆಗಳ ಮೇಲೆ ಹೂ ಸುರಿಸಿದ್ದವು. ಹೂ ಸುರಿಸಿದ್ದನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಹಲವರಿಗೆ ಅದು ನಿಜವಾದ ಧೈರ್ಯ ಕೊಟ್ಟಿರಬಹುದು. ಆದರೆ ಹೊಗಳಿಕೆ ದೊಡ್ಡದಾದಷ್ಟೂ ದಣಿದೆ, ಹೆದರಿದೆ ಎಂದು ಹೇಳಿಕೊಳ್ಳುವುದು ನಾಚಿಕೆಯ ವಿಷಯವಾಗುತ್ತದೆ ಎಂಬುದೂ ನಿಜ. ವೀರರೆಂದು ಕರೆಸಿಕೊಂಡವರು ರಜೆ ಕೇಳುವುದು ಕಷ್ಟ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು ಅಂಕಿಗಳ ಬಗ್ಗೆ. ಪ್ರಶ್ನಾವಳಿ ತುಂಬಿಸಿ ಪಡೆದ ಫಲಿತಾಂಶಗಳು ತೊಂದರೆಯನ್ನು ಉಬ್ಬಿಸಿ ತೋರಿಸುತ್ತವೆ ಎನ್ನುತ್ತಾರೆ, ಅದರಲ್ಲಿ ಹುರುಳಿದೆ. 2020ರ ಜೂನ್–ಜುಲೈನಲ್ಲಿ ಇಂಗ್ಲೆಂಡಿನ 9 ಆಸ್ಪತ್ರೆಗಳ 709 ಐಸಿಯು ಸಿಬ್ಬಂದಿಯನ್ನು ಪ್ರಶ್ನಾವಳಿಯ ಮೂಲಕ ವಿಚಾರಿಸಿದಾಗ ನೂರಕ್ಕೆ ಸುಮಾರು 40 ಮಂದಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳು ಕಂಡವು. ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ನೂರಕ್ಕೆ 13 ಮಂದಿಯನ್ನು ಕಾಡಿತ್ತು, ನರ್ಸ್‌ಗಳಲ್ಲಿ ಅದು ಇತರರಿಗಿಂತ ಹೆಚ್ಚು. ಆದರೆ ಅದೇ ದೇಶದಲ್ಲಿ ಮುಂದೆ ಆರೋಗ್ಯ ಸಿಬ್ಬಂದಿಯನ್ನು ತಜ್ಞರು ಖುದ್ದಾಗಿ ಸಂದರ್ಶಿಸಿ ರೋಗನಿರ್ಣಯ ಮಾಡಿದಾಗ, ಪ್ರಶ್ನಾವಳಿ ನೂರಕ್ಕೆ 25.4 ಎಂದು ತೋರಿಸಿದ್ದ ಕಡೆ ಸಿಕ್ಕಿದ್ದು 7.9 ಮಾತ್ರ. ಟೊರಾಂಟೊದಲ್ಲೂ ಹೀಗೆಯೇ: ಮಾಂಡರ್ ಅವರ ಬಳಗವೇ 139 ಸಿಬ್ಬಂದಿಯನ್ನು ವಿವರವಾಗಿ ಸಂದರ್ಶಿಸಿದಾಗ ಸಾರ್ಸ್ ನಂತರ ಹೊಸದಾಗಿ ಮಾನಸಿಕ ಕಾಯಿಲೆಗೆ ಒಳಗಾದವರು ನೂರಕ್ಕೆ ಸುಮಾರು 5 ಎಂದು ತಿಳಿಯಿತು. ಹಾಗಾದರೆ ಇಷ್ಟೆಲ್ಲ ಗದ್ದಲವೇಕೆ ಎಂದು ಕೇಳಬಹುದು. ನನಗೆ ಈ ಅಂಕಿಗಳು ವಾದವನ್ನು ಬಲಪಡಿಸುವಂತೆಯೇ ಕಾಣುತ್ತವೆ. ಹೆಚ್ಚಿನ ನರ್ಸ್‌ಗಳು ರೋಗಿಗಳಲ್ಲ. ನಿದ್ದೆಗೆಟ್ಟವರು, ಸಿಟ್ಟಾದವರು, ಕೆಲಸದ ಮೇಲೆ ನಂಬಿಕೆ ಕಳೆದುಕೊಂಡವರು. ಅವರಿಗೆ ಬೇಕಿರುವುದು ಮಾತ್ರೆಯಾಗಲಿ ಮನೋರೋಗದ ಹಣೆಪಟ್ಟಿಯಾಗಲಿ ಅಲ್ಲ, ಕೆಲಸದ ಸ್ಥಿತಿ ಬದಲಾಗುವುದು. ನಿಜವಾಗಿ ಚಿಕಿತ್ಸೆ ಬೇಕಾದ ಆ ಕೆಲವರನ್ನು ಗುರುತಿಸಿ ಮನೋವೈದ್ಯರ ಬಳಿ ಕಳಿಸಬೇಕು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಎರಡೂ ಬಗೆಯವರಿಗೆ ಅನ್ಯಾಯ.

ಇನ್ನೂ ಸೂಕ್ಷ್ಮವಾದ ಆಕ್ಷೇಪವೊಂದಿದೆ. ಬೆಂಬಲ ಸಿಗಲಿಲ್ಲ ಎಂದು ಭಾವಿಸಿದವರಲ್ಲಿ ಸಂಕಟ ಹೆಚ್ಚು ಎಂದರೆ, ಸಂಕಟದಲ್ಲಿರುವವರಿಗೆ ಎಲ್ಲವೂ ಕಡಿಮೆಯೇ ಎನಿಸುತ್ತದೆ ಎಂದೂ ಅರ್ಥವಾಗಬಹುದಲ್ಲ? ಒಂದು ಪ್ರಶ್ನಾವಳಿಯಿಂದ ಇದನ್ನು ಬಗೆಹರಿಸಲಾಗದು. ಆದರೆ ಟೊರಾಂಟೊದ ನರ್ಸ್‌ಗಳ ದೂರು ಮನದ ಭ್ರಮೆಯಲ್ಲ ಎಂಬುದಕ್ಕೆ ಪ್ರತ್ಯೇಕ ಸಾಕ್ಷ್ಯವಿದೆ. ಮಾಸ್ಕ್ ಪರೀಕ್ಷೆ ನಡೆದಿರಲಿಲ್ಲ, ಎಚ್ಚರಿಕೆಯ ಮಾತಿಗೆ ಕಿವಿಗೊಡಲಿಲ್ಲ ಎಂಬುದನ್ನು ಪತ್ತೆಹಚ್ಚಿದ್ದು ಮನೋವೈದ್ಯರಲ್ಲ, ದಾಖಲೆಗಳನ್ನು ಜಾಲಾಡಿದ ನ್ಯಾಯಮೂರ್ತಿ. ಬೇರೆ ಬೇರೆ ದಾರಿ ಹಿಡಿದು ಹೊರಟ ಎರಡು ವಿಚಾರಣೆಗಳು ಒಂದೇ ಬಾಗಿಲ ಮುಂದೆ ಬಂದು ನಿಂತಿವೆ.

ಮೂರನೆಯ ಮಾತನ್ನು ಆಡಳಿತಗಾರರಷ್ಟೇ ಅಲ್ಲ, ಹಿರಿಯ ನರ್ಸ್‌ಗಳೂ ಹೇಳುತ್ತಾರೆ: ಇದು ಆರಿಸಿಕೊಂಡ ವೃತ್ತಿ, ನಮ್ಮ ಕಾಲದಲ್ಲಿ ಕಾಲರಾ, ಪ್ಲೇಗು ಎಲ್ಲವನ್ನೂ ಎದುರಿಸಿದವರಿದ್ದರು, ದೇವರ ಮೇಲಿನ ನಂಬಿಕೆ, ಮನೆಯವರ ಆಸರೆ, ಸೇವೆಯ ಹೆಮ್ಮೆ ಸಾಕು. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಗೌರವದಿಂದ ಒಪ್ಪುತ್ತೇನೆ. ಟೊರಾಂಟೊದ ಸಂದರ್ಶನ ಅಧ್ಯಯನದಲ್ಲೂ ಹೆಚ್ಚು ವರ್ಷಗಳ ಅನುಭವವಿದ್ದವರು ಕಡಿಮೆ ಕುಗ್ಗಿದ್ದರು. ಪ್ರಾರ್ಥನೆ ಬಹಳ ಜನರನ್ನು ಕಾಯ್ದಿದೆ, ಡ್ಯೂಟಿ ಮುಗಿದ ಮೇಲೆ ಹಾಸ್ಟೆಲ್ ಕೋಣೆಯಲ್ಲಿ ಸಹೋದ್ಯೋಗಿಯ ಜತೆಗಿನ ಮಾತು ಇನ್ನೂ ಹೆಚ್ಚು ಜನರನ್ನು ಕಾಯ್ದಿದೆ. ಆದರೆ ಈ ಆಸರೆಗಳೂ ಬಯಲಲ್ಲಿ ಬೆಳೆಯುವುದಿಲ್ಲ. ಸಹೋದ್ಯೋಗಿಯ ಜತೆ ಮಾತಾಡಲು ತಂಡ ಒಂದೇ ಆಗಿರಬೇಕು. ದಿನಕ್ಕೊಂದು ವಾರ್ಡಿಗೆ ಎತ್ತಂಗಡಿ ಮಾಡಿದರೆ ಯಾರ ಹೆಸರು ಯಾರಿಗೂ ತಿಳಿಯದು. ಮನೆಯವರ ಆಸರೆ ಬೇಕೆಂದರೆ ಮನೆಗೆ ಹೋಗಲು ರಜೆ ಬೇಕು. ಕೋವಿಡ್ ಕಾಲದಲ್ಲಿ ಹೆಚ್ಚಿನ ನರ್ಸ್‌ಗಳು ಪಾಳಿ ಮುಗಿಸಿ ಹೋಗಿದ್ದು ಕ್ವಾರಂಟೈನ್ ಕೋಣೆಗೆ, ಮಕ್ಕಳನ್ನು ಕಂಡದ್ದು ಮೊಬೈಲಿನಲ್ಲಿ. ಅನುಭವ ಕಾಪಾಡುತ್ತದೆ ಎಂದರೆ ಅನುಭವಿಗಳು ಕೆಲಸ ಬಿಡದಂತೆ ನೋಡಿಕೊಳ್ಳಬೇಕು, ಹೊಸಬರನ್ನು ಒಂಟಿಯಾಗಿ ಐಸಿಯುಗೆ ದೂಡಬಾರದು.

ಹಾಗಾದರೆ ಆಪ್ತಸಮಾಲೋಚನೆ? ಆಸ್ಪತ್ರೆಗಳಿಗೆ ತೀರಾ ಸುಲಭವೆನಿಸುವ ಕ್ರಮವಿದು: ಒಬ್ಬ ಮನಃಶಾಸ್ತ್ರಜ್ಞರನ್ನು ಕರೆಸಿ, ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ, ಆದದ್ದನ್ನೆಲ್ಲ ಹೇಳಿಸುವುದು. ಆಘಾತದ ಬೆನ್ನಲ್ಲೇ ಒಂದೇ ಕೂಟದಲ್ಲಿ ನೋವನ್ನೆಲ್ಲ ಹೊರಹಾಕಿಸುವ ಇಂಥ ಪದ್ಧತಿಯನ್ನು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಮೀಕ್ಷೆ 2002ರಲ್ಲಿ ಪರಿಶೀಲಿಸಿ, ಅದು ಮುಂದಿನ ಕಾಯಿಲೆಯನ್ನು ತಡೆಯುವುದಿಲ್ಲ ಎಂದಿತು. ಸುಟ್ಟಗಾಯದ ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಹಾಗೆ ಹೇಳಿಸಿಕೊಂಡವರಲ್ಲೇ ವರ್ಷದ ನಂತರ ತೊಂದರೆ ಹೆಚ್ಚಿತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2005ರಲ್ಲಿ ಇದನ್ನು ವಾಡಿಕೆಯಾಗಿ ಮಾಡಕೂಡದೆಂದು ಹೇಳಿತು. ಮಾತು ಬೇಡ ಎಂದಲ್ಲ, ಬಲವಂತದ ಮಾತು ಬೇಡ. 1995ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಶ್ವಾರ್ಟ್ಜ್ ಕೇಂದ್ರ ರೂಪಿಸಿದ ಕೂಟಗಳಲ್ಲಿ ವೈದ್ಯರು, ನರ್ಸ್‌ಗಳು, ಸಹಾಯಕರು ಸಮಾನರಾಗಿ ಕೂತು ಕೆಲಸದ ಭಾವಭಾರವನ್ನು ಇಷ್ಟವಿದ್ದಷ್ಟು ಹಂಚಿಕೊಳ್ಳುತ್ತಾರೆ, ಅದೂ ನಿಯಮಿತವಾಗಿ, ವರ್ಷಗಟ್ಟಲೆ. ನಮ್ಮಲ್ಲಿ ನಿಮ್ಹಾನ್ಸ್ 2020ರ ಮಾರ್ಚ್‌ನಲ್ಲೇ ಸಹಾಯವಾಣಿ ತೆರೆಯಿತು, 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್‌ನ 14416 ಸಂಖ್ಯೆ ದೇಶಕ್ಕೆಲ್ಲ ಸಿಗುತ್ತಿದೆ. ಇವು ಬೇಕೇ ಬೇಕು. ಆದರೆ ಹನ್ನೆರಡು ಗಂಟೆಯ ಪಾಳಿ ಮುಗಿಸಿ, ಮರುದಿನದ ಪಾಳಿಗೆ ಬದಲಿ ಇಲ್ಲವೆಂದು ತಿಳಿದು ಮಲಗುವ ನರ್ಸ್‌ಗೆ ಫೋನಿನ ಆ ತುದಿಯಲ್ಲಿರುವವರು ಬದಲಿಯನ್ನು ಕೊಡಲಾರರು.

ನರ್ಸ್‌ಗಳಷ್ಟೇ ಏಕೆ, ವಾರ್ಡ್ ಬಾಯ್‌ಗಳು, ಆಂಬುಲೆನ್ಸ್ ಚಾಲಕರು, ಸ್ವಚ್ಛತಾ ಸಿಬ್ಬಂದಿ, ಚಿತಾಗಾರದ ಕಾರ್ಮಿಕರು ನೊಂದಿಲ್ಲವೇ ಎಂದರೆ, ಖಂಡಿತ ನೊಂದಿದ್ದಾರೆ. ಅವರ ಬಗ್ಗೆ ಇನ್ನೂ ಕಡಿಮೆ ಬರೆಯಲಾಗಿದೆ. ಇಲ್ಲಿನ ವಾದ ಅವರಿಗೂ ಅನ್ವಯಿಸುತ್ತದೆ.

ಕೊನೆಗೆ ಉಳಿಯುವುದು ಹಣದ ಪ್ರಶ್ನೆ. ಬಡ ದೇಶ, ಇಷ್ಟೆಲ್ಲ ಸಾಧ್ಯವೇ? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಐಸಿಯುನಲ್ಲಿ ಪ್ರತಿ ರೋಗಿಗೂ ಒಬ್ಬ ನರ್ಸ್ ಇರಬೇಕೆನ್ನುತ್ತದೆ, ರಜೆಯಲ್ಲಿರುವವರ ಬದಲಿಗೆಂದು ನೂರಕ್ಕೆ 30ರಷ್ಟು ಹೆಚ್ಚುವರಿ ಸಿಬ್ಬಂದಿಯನ್ನೂ ಲೆಕ್ಕ ಹಾಕಿದೆ. ಇದು ಹೊಸ ಬೇಡಿಕೆಯಲ್ಲ, ನಾವೇ ಬರೆದಿಟ್ಟುಕೊಂಡ ನಿಯಮ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ ಚಿಕ್ಕ ಖಾಸಗಿ ಆಸ್ಪತ್ರೆಗಳಲ್ಲೂ ನರ್ಸ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದಿತು. ಹಲವು ರಾಜ್ಯಗಳಲ್ಲಿ ಅದು ಇಂದಿಗೂ ಶಿಫಾರಸಾಗಿಯೇ ಇದೆ. ಕೋವಿಡ್ ಬಂದಾಗ ನಾವು ಹಿಡಿದ ದಾರಿ ತಾತ್ಕಾಲಿಕ ಗುತ್ತಿಗೆಯದು: ಕೆಲ ತಿಂಗಳಿಗೆಂದು ಸೇರಿಸಿಕೊಂಡು, ಅಲೆ ಇಳಿದ ಕೂಡಲೇ ಬಿಟ್ಟುಬಿಡುವುದು. ಕರ್ನಾಟಕದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ, ಸೋಂಕು ಏರುತ್ತಿದ್ದಾಗಲೇ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಾವಿರಾರು ಗುತ್ತಿಗೆ ನೌಕರರು ಸಮಾನ ವೇತನಕ್ಕಾಗಿ ಮುಷ್ಕರ ಹೂಡಬೇಕಾಯಿತು. ಗುತ್ತಿಗೆ ಮುಗಿದ ಮೇಲೆ ಅಂಥ ನರ್ಸ್‌ಗೆ ಆಸ್ಪತ್ರೆಯೂ ಇಲ್ಲ, ತಂಡವೂ ಇಲ್ಲ, ಆಕೆ ಹೇಗಿದ್ದಾಳೆಂದು ಎರಡು ವರ್ಷದ ನಂತರ ಕೇಳಲು ಒಬ್ಬ ಮಾಂಡರ್ ಬಂದರೂ ವಿಳಾಸ ಸಿಗುವುದಿಲ್ಲ.

ಸರ್ಕಾರ ಏನನ್ನೂ ಮಾಡಲಿಲ್ಲ ಎನ್ನುವುದು ತಪ್ಪು. 2020ರ ಮಾರ್ಚ್ ಕೊನೆಯಲ್ಲಿ ಜಾರಿಗೆ ಬಂದ ವಿಮೆ, ಕೋವಿಡ್ ಕರ್ತವ್ಯದಲ್ಲಿ ಮಡಿದ ಆರೋಗ್ಯ ಸಿಬ್ಬಂದಿಯ ಕುಟುಂಬಕ್ಕೆ 50 ಲಕ್ಷ ರೂಪಾಯಿ ನೀಡಿತು, ಗುತ್ತಿಗೆಯವರನ್ನೂ ಖಾಸಗಿಯವರನ್ನೂ ಒಳಗೊಂಡಿತು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲೆ ತೀವ್ರ ಹಲ್ಲೆ ನಡೆಸಿದವರಿಗೆ ಏಳು ವರ್ಷದವರೆಗಿನ ಸೆರೆವಾಸವನ್ನು ಗೊತ್ತುಮಾಡಿತು. ಸತ್ತರೆ ಹಣ, ಹೊಡೆದರೆ ಶಿಕ್ಷೆ. ಸಾಯದೆ, ಹೊಡೆಸಿಕೊಳ್ಳದೆ, ಒಳಗೊಳಗೇ ಮುರಿದವರಿಗೆ ಈ ಎರಡರ ನಡುವೆ ಜಾಗವಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿ ಆಸ್ಪತ್ರೆಯ ಕೆಲಸದಲ್ಲಿ ಅಂಟುವ ಸೋಂಕುಗಳನ್ನು ವೃತ್ತಿಜನ್ಯ ರೋಗವೆಂದು ಒಪ್ಪುತ್ತಿತ್ತು, ಮಾನಸಿಕ ಗಾಯದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಒಂಟಾರಿಯೊದಲ್ಲೂ ಬಹುಕಾಲ ಹೀಗೆಯೇ ಇತ್ತು. 2016ರಲ್ಲಿ ಅಲ್ಲಿನ ಕಾನೂನು ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಮೊದಲಾದವರಿಗೆ ಬರುವ ಆಘಾತೋತ್ತರ ಒತ್ತಡದ ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ಭಾವಿಸಿ ಪರಿಹಾರ ಕೊಡಬೇಕೆಂದಾಗ ನರ್ಸ್‌ಗಳನ್ನು ಬಿಟ್ಟಿತ್ತು. 2018ರಲ್ಲಿ, ಸಾರ್ಸ್ ಬಂದು ಹದಿನೈದು ವರ್ಷಕ್ಕೆ, ಸೇರಿಸಿಕೊಂಡಿತು. ಅಂದಿನಿಂದ ಅಲ್ಲಿ ಕಾಯಿಲೆಗೂ ಕೆಲಸಕ್ಕೂ ನಂಟಿದೆ ಎಂದು ನರ್ಸ್ ಸಾಬೀತು ಮಾಡಬೇಕಾಗಿಲ್ಲ, ನಂಟಿಲ್ಲ ಎನ್ನುವವರು ಸಾಬೀತು ಮಾಡಬೇಕು. ನಮ್ಮ ಕಾನೂನಿಗೆ ಅಂಥದೊಂದು ಸಾಲು ಸೇರಿಸಲು ಹೊಸ ಆಸ್ಪತ್ರೆ ಕಟ್ಟಬೇಕಿಲ್ಲ. ಯಾವ ನರ್ಸ್ ಯಾವ ವಾರ್ಡಿನಲ್ಲಿ ಎಷ್ಟು ರಾತ್ರಿ ದುಡಿದರು ಎಂಬ ಹಾಜರಾತಿ ಪುಸ್ತಕಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಇರಬೇಕು. ಆ ಸಾಲು ಯಾರಿಗೆ ಅನ್ವಯಿಸಬೇಕೆಂದು ತಿಳಿಯಲು ಕೋವಿಡ್ ವಾರ್ಡುಗಳಲ್ಲಿ ದುಡಿದವರ ಪಟ್ಟಿಯನ್ನು, ಗುತ್ತಿಗೆಯವರನ್ನೂ ಸೇರಿಸಿ, ಅವುಗಳಿಂದಲೇ ತಯಾರಿಸಬಹುದು.